ಮಮ್ಮುವಿನ ಕುರ್ಚಿ

"ಒಂದು ಹಲ್ಲಿಗೆ ಹೆದರುವವನು ಸಮುದ್ರಕ್ಕೆ ಬಂದು ಎಂತ ಮಾಡುತ್ತಿ? ಹೆಂಡತಿಯ ಸೀರೆ ಉಟ್ಟುಕೊಂಡು ಮನೆಯಲ್ಲಿ ಕೂತುಕೋ."

ಮೀನುದೋಣಿ ನಡೆಸುವ ತಂಡೇಲ ದೇವದಾಸನ ಮಾತಿಗೆ ಕಟಪಾಡಿ ಪೇಟೆಯ ಅರ್ಧ ಜನ ನಕ್ಕರು. ಹಲ್ಲು ಕೀಳುವ ಮಮ್ಮುವಿನ ಅಂಗಡಿಯ ಮುಂದೆ ದೇವದಾಸನ ದೋಣಿಯ ಆಳುಗಳೆಲ್ಲ ಬಾಯಲ್ಲಿ ಹತ್ತಿ ಕಚ್ಚಿಕೊಂಡು ನಿಂತಿದ್ದರು. ಮಳೆಗಾಲ ಮುಗಿದು ದೋಣಿ ನೀರಿಗಿಳಿಸುವ ಮೊದಲು ಎಲ್ಲರ ಹುಳುಕು ಹಲ್ಲನ್ನೂ ಒಂದೇ ದಿನ ಕೀಳಿಸುವುದು ದೇವದಾಸನ ಕ್ರಮ. ನಡುಗಡಲಲ್ಲಿ ಯಾರೂ ಕೆನ್ನೆ ಹಿಡಿದುಕೊಂಡು ಬಲೆ ಬಿಡಬಾರದು. ಉಳಿದವನು ಭುಜಂಗ ಒಬ್ಬನೇ.

"ಮಣಿಪಾಲದಲ್ಲಿ ತೆಗೆಸಿಕೊಂಡು ಬರುತ್ತೇನೆ, ಇಲ್ಲಿ ತೆಗೆಸಿದರೆ ಎದೆಗೆ ಆಗುವುದಿಲ್ಲ" ಅಂದಿದ್ದ, ಅಷ್ಟೇ.

"ಹಲ್ಲು ಮೇಲೆ, ಎದೆ ಕೆಳಗೆ. ನಡುವೆ ಎಂತ, ಬಸ್ಸು ಓಡುತ್ತದಾ ಮಾರಾಯ?" ಮಮ್ಮು ಇಕ್ಕಳ ಒರೆಸುತ್ತ ಕೇಳಿದ.

ಓಡುತ್ತದೆ. ಎಂಬತ್ತೊಂದನೇ ಇಸವಿಯಲ್ಲಿ ಭುಜಂಗನ ದವಡೆಹಲ್ಲು ಇದೇ ಕುರ್ಚಿಯಲ್ಲಿ ಹೋಗಿತ್ತು. ಆಮೇಲೆ ಬಿಡದ ಜ್ವರ, ಸಂಜೆಯಾದರೆ ಚಳಿ, ನಾಲ್ಕು ಹೆಜ್ಜೆಗೆ ಏದುಸಿರು. ಮಣಿಪಾಲದ ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರು ಇಮೆಲ್ಡಾ ಬಿಡಿಸಿ ಹೇಳಿದ್ದರು: "ಚಿಕ್ಕಂದಿನ ಕೀಲುಜ್ವರ ನಿಮ್ಮ ಹೃದಯದ ಕವಾಟ ಕೆಡಿಸಿ ಹೋಗಿದೆ. ಹಲ್ಲು ಕಿತ್ತಾಗ ಬಾಯಿಯ ಕ್ರಿಮಿ ರಕ್ತಕ್ಕಿಳಿದು ಅಲ್ಲಿ ಮನೆ ಮಾಡಿತು. ಇನ್ನು ಮೇಲೆ ಮೊದಲು ಪೆನಿಸಿಲಿನ್, ಆಮೇಲೆ ಹಲ್ಲು. ಇನ್ನೊಂದು ಸಲ ಹೀಗಾದರೆ ಉಳಿಸಲಿಕ್ಕೆ ಕಷ್ಟ ಉಂಟು."

ಆ ವಾರ್ಡಿನ ನೆಲದಲ್ಲಿ ಚಾಪೆ ಹಾಸಿ ಮಲಗಿದವಳು ಹೆಂಡತಿ ಬೇಬಿ. ಇವತ್ತು ಬೆಳಿಗ್ಗೆ ಗಂಜಿ ಬಡಿಸುತ್ತ ಅವಳೇ ಅಂದಿದ್ದಳು, "ಯಾರು ಎಂತ ಹೇಳಿದರೂ ಎದುರು ಮಾತಾಡಬೇಡಿ. ಜಗಳ ಶುರುವಾದರೆ ಹಟಕ್ಕೆ ಬಿದ್ದು ಆ ಕುರ್ಚಿಯಲ್ಲಿ ಕೂತುಬಿಡುವವರು ನೀವು. ನನಗೆ ಗೊತ್ತುಂಟು."

ಕುರ್ಚಿ ಖಾಲಿ ಇತ್ತು. ಕೂತು ಬಾಯಿ ತೆರೆದರೆ ಇಷ್ಟೂ ಜನರ ಬಾಯಿ ಮುಚ್ಚುತ್ತಿತ್ತು. ಭುಜಂಗನ ಮುಷ್ಟಿ ಬಿಗಿಯಿತು. ಇದಕ್ಕಿಂತ ಸಣ್ಣ ಮಾತಿಗೆ ಅವನು ಕಾಪುವಿನಲ್ಲಿ ಒಬ್ಬನ ಮೂಗು ಒಡೆದದ್ದುಂಟು.

"ಇವತ್ತು ಕೂರದವನಿಗೆ ನನ್ನ ದೋಣಿಯಲ್ಲಿ ಜಾಗ ಇಲ್ಲ" ಎಂದ ದೇವದಾಸ. "ಎಂತ, ಸೀರೆ ತರಿಸಬೇಕಾ?"

ಮಲ್ಪೆ ಬಂದರಿನಲ್ಲಿ ದೋಣಿ ಇವನದೊಂದೇ ಅಲ್ಲ. ಭುಜಂಗ ಮುಷ್ಟಿ ಬಿಚ್ಚಿ ಲುಂಗಿಯನ್ನು ಮೇಲೆತ್ತಿ ಕಟ್ಟಿದ. ಹಿಂದೆ ಯಾರೋ ಹತ್ತಿ ಉಗುಳಿಯೇ ನಕ್ಕರು. ಅವನು ಹೆದ್ದಾರಿಗೆ ಇಳಿದ. ಬಹಳ ದಿನಕ್ಕೆ ಬಿಸಿಲು ಬಂದಿತ್ತು, ಟಾರು ಬೆಚ್ಚಗಿತ್ತು. ಎದೆ ಅದರ ಪಾಡಿಗೆ ಹದವಾಗಿ ಬಡಿಯುತ್ತಿತ್ತು. ಆಚೆ ಬದಿಯಲ್ಲಿ, ಮಣಿಪಾಲಕ್ಕೆ ಹೋಗಲು ಹಿಡಿಯಬೇಕಾದ ಉಡುಪಿಯ ಬಸ್ಸು ನಿಂತಿತ್ತು. ಅವನು ಅವಸರ ಮಾಡದೆ ರಸ್ತೆ ದಾಟಿದ.