ಹಸಿ ಹಿಟ್ಟು

"ಇದನ್ನ ಯಾಕ ಬೇಯಿಸಿದ್ರಿ ಅತ್ತಿ?"

ಬಳ್ಳಾರಿ ಬಸ್ಸಿಳಿದು ಬಂದ ವಿಜಯಲಕ್ಷ್ಮಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಒಲೆಯ ಮೇಲಿನ ಪಾತ್ರೆಯ ತಳದಲ್ಲಿ ಬಿಳಿ ಗಂಜಿ ಅಂಟಿಕೊಂಡಿತ್ತು. ಹೊನ್ನೂರಮ್ಮ ಬಾಯಿ ತೆರೆಯುವಷ್ಟರಲ್ಲಿ ಸೊಸೆ ಮಗಳ ಬಳಿ ಓಡಿದಳು. ನಾಲ್ಕು ವರ್ಷದ ಅಂಜಿನಿ ಗೋಡೆಗೊರಗಿ ತೂಕಡಿಸುತ್ತಿತ್ತು, ಹಣೆ ತಣ್ಣಗೆ ಬೆವೆತಿತ್ತು. ಬೆರಳು ಚುಚ್ಚಿ ರಕ್ತದ ಹನಿ ತೆಗೆದು ನೋಡಿದರೆ ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು. ಗ್ಲೂಕೋಸ್ ನೀರನ್ನು ಚಮಚ ಚಮಚವಾಗಿ ಕುಡಿಸಿದ ಮೇಲೆ, ಕಾಲು ತಾಸಿಗೆ ಹುಡುಗಿ ಕಣ್ಣರಳಿಸಿ "ಅಜ್ಜಿ, ನನ್ ಗೊಂಬಿ ಎಲ್ಲಿ?" ಅಂತು. ಆಗ ಅತ್ತೆ ಸೊಸೆ ಇಬ್ಬರಿಗೂ ಹೋದ ಜೀವ ಬಂದಂತಾಯಿತು.

ಹಾಗಂತ ಹೊನ್ನೂರಮ್ಮನೇನು ತಿಳಿಗೇಡಿ ಹೆಂಗಸಲ್ಲ. ಕುರುಗೋಡಿನ ಆ ಓಣಿಯಲ್ಲಿ ಯಾರ ಬಾಣಂತನವಾದರೂ ಮೊದಲ ಕರೆ ಅವಳಿಗೇ. ಎಷ್ಟೋ ಕೂಸುಗಳಿಗೆ ಎರೆದು, ಉಣಿಸಿ, ಬೆಳೆಸಿದ ಕೈ ಅದು. ಅಂಥ ಕೈಗೆ ಕಾರ್ನ್‌ಫ್ಲೋರ್ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಹಸಿಹಸಿಯಾಗಿಯೇ ಕುಡಿಸು ಅಂದರೆ ಮನಸ್ಸು ಒಪ್ಪುವುದುಂಟೆ? ಹಸಿ ಹಿಟ್ಟು ಹಾಕುವುದು ಎಮ್ಮೆಗೆ! ಬೇಯಿಸಬೇಡಿ ಎಂದು ಸೊಸೆ ಹೋಗುವಾಗ ಹತ್ತು ಸಲ ಹೇಳಿದ್ದಳು, ನಿಜ. ಆದರೂ ಹನ್ನೊಂದು ಗಂಟೆಗೆ ಒಲೆ ಹಚ್ಚಿಸಿದ್ದು ಮೊಮ್ಮಗಳ ಮೇಲಿನ ಅಕ್ಕರೆಯೇ.

ಈ ಕಾಯಿಲೆ ಲಕ್ಷಕ್ಕೊಬ್ಬರಿಗೆ ಬರುವಂಥದ್ದಂತೆ. ಉಂಡದ್ದರ ಸಕ್ಕರೆಯನ್ನು ಲಿವರ್ ಕೂಡಿಡುತ್ತದೆ, ಬೇಕೆಂದಾಗ ಬಿಚ್ಚಿ ಕೊಡುವುದಿಲ್ಲ. ಅದಕ್ಕೇ ನಾಲ್ಕು ತಾಸಿಗೊಮ್ಮೆ ಹಸಿ ಹಿಟ್ಟು, ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆ. ಮಗ ಉಮಾಪತಿ ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ದುಡಿದದ್ದೆಲ್ಲ ಸಕ್ಕರೆ ನೋಡುವ ಪಟ್ಟಿಗಳಿಗೂ ಬಸ್ಸಿಗೂ ಸಾಲುತ್ತಿರಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದ ವಿಜಯಲಕ್ಷ್ಮಿ ಮಗಳಿಗಾಗಿ ಎಂಟು ತಿಂಗಳಿಂದ ಮನೆಯಲ್ಲೇ ಕೂತಿದ್ದಳು. ಆ ಶನಿವಾರ ಹೊಲಿಗೆ ಯೂನಿಟ್ಟಿನವರು ಕರೆಸಿ ಖಡಾಖಂಡಿತ ಹೇಳಿದ್ದರು: ಸೋಮವಾರ ಬಂದರೆ ಮಷೀನು ನಿನ್ನದು, ಇಲ್ಲವಾದರೆ ಬೇರೆಯವರದು.

"ಬ್ಯಾಡ ಬಿಡ್ರಿ ಅತ್ತಿ, ನಾ ಕೆಲ್ಸಕ್ಕ ಹೋಗಂಗಿಲ್ಲ," ಅಂದಳು ಸೊಸೆ. ಬೈದಿದ್ದರೂ ಹೊನ್ನೂರಮ್ಮನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಹೋಗಂಗಿಲ್ಲ ಅಂದ್ರ ಆ ಪಟ್ಟಿ ಯಾರ್ ತರ್ತಾರ? ನನ್ ತೆಲಿಗಿ ಹೋಗೋ ಹಂಗ ಹೇಳು. ಬೇಯಿಸಿದ್ರ ಏನಾಕೈತಿ?"

"ಲಗೂನ ಕರಗಿ ಹೋಗತೈತ್ರಿ. ಎರಡು ತಾಸಿಗೆ ಮೈಯಾಗ ಏನೂ ಇರಂಗಿಲ್ಲ. ಹಸೇದಾದ್ರ ಸಾವಕಾಶ ಕರಗತೈತಿ. ನಾಕು ತಾಸು ತಡಿತೈತಿ."

ಹೊನ್ನೂರಮ್ಮ ಪಾತ್ರೆಯ ತಳಕ್ಕಂಟಿದ ಗಂಜಿಯನ್ನು ಬೆರಳಲ್ಲಿ ಕೆರೆದು ನೋಡಿದಳು.

"ಅಂದ್ರ ಭಗ್ಗಂತ ಉರಿದು ಆರೋ ಹತ್ತಿಕಟ್ಟಿಗಿ ಉರಿ ಬ್ಯಾಡ, ಸಗಣಿ ಕುಳ್ಳಿನ ಕಾವು ಬೇಕು ಅನ್ನು."

"ಹೂನ್ರಿ, ಥೇಟ್ ಹಂಗ!"

"ಇಷ್ಟೇನಾ? ಹಿಂಗ ಹೇಳಾಕ ಆ ಡಾಕ್ಟ್ರಿಗೆ ಏನಾಗಿತ್ತು ಧಾಡಿ!"

ಭಾನುವಾರವಿಡೀ ಹೊನ್ನೂರಮ್ಮನೇ ಹಿಟ್ಟು ಕಲಸಿದಳು. ಸೊಸೆ ಕೈಕಟ್ಟಿ ಕೂತು ನೋಡಿದಳು. ಸಂಜೆ ಬೆರಳು ಚುಚ್ಚಿದಾಗ ಎಂಬತ್ತೆರಡು ಬಂತು. ವಿಜಯಲಕ್ಷ್ಮಿ ಎದ್ದು ಹೋಗಿ ನಾಳೆಯ ಬುತ್ತಿಗೆ ರೊಟ್ಟಿ ಬಡಿಯತೊಡಗಿದಳು.

ಸೋಮವಾರ ಹನ್ನೊಂದಕ್ಕೆ ಹಿಟ್ಟು ಕುಡಿಸುವ ಹೊತ್ತು. ಪಕ್ಕದ ಮನೆಯ ಚನ್ನವೀರಮ್ಮ ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ ಹಾಜರು.

"ಅಯ್ಯ, ಕೂಸಿಗೆ ಹಸಿ ಹಿಟ್ಟು ಕುಡಸ್ತೀಯಂತ, ಹೌದೇನ ಹೊನ್ನೂರಿ? ಒಂದು ಕುದಿ ಬರಸಬಾರದಾ?"

"ನಿನ್ ಮೊಮ್ಮಗಂಗ ನೀ ಕುದಿಸವ್ವ. ನಮ್ ಹುಡುಗಿ ಹೊಟ್ಟಿ ಲೆಕ್ಕ ನನಗ ಗೊತ್ತೈತಿ," ಅಂದಳು ಹೊನ್ನೂರಮ್ಮ.

ಅಂದಳೇನೋ ಸರಿ, ಕೈ ಮಾತ್ರ ಇನ್ನೂ ಒಲೆಯ ಕಡೆಗೇ ಎಳೆಯುತ್ತಿತ್ತು. ಎಷ್ಟು ವರ್ಷದ ರೂಢಿ! ಅವಳು ಬಗ್ಗಿ ಸಿಲಿಂಡರಿನ ರೆಗ್ಯುಲೇಟರನ್ನೇ ಬಂದ್ ಮಾಡಿದಳು. ಆಮೇಲೆ ಹಿಟ್ಟಿನ ಡಬ್ಬಿ ತೆಗೆದಳು. ಚಮಚ ಅಳೆದು, ತಣ್ಣೀರು ಸುರಿದು, ಸೊಸೆಗೆ ಫೋನು ಹಚ್ಚಿ ಲೋಟದ ಪಕ್ಕದಲ್ಲಿಟ್ಟಳು.

ಆ ಕಡೆಯಿಂದ ಹತ್ತಾರು ಮಷೀನುಗಳ ಗದ್ದಲ. ಸೊಸೆ ತನ್ನ ಮಷೀನು ನಿಲ್ಲಿಸಿ ಕಿವಿಗೊಟ್ಟಿದ್ದಳು. ಚಮಚ ಲೋಟಕ್ಕೆ ಟಣಟಣ ಬಡಿಯಿತು. ಅಂಜಿನಿ ಮುಖ ಕಿವುಚಿಕೊಂಡು ಗಟಗಟನೆ ಕುಡಿದು, ಮೂತಿ ಒರೆಸಿಕೊಂಡು ಗೊಂಬೆಯ ಹತ್ತಿರ ಓಡಿತು.

"ಆತವ್ವ," ಅಂದಳು ಹೊನ್ನೂರಮ್ಮ ಫೋನಿಗೆ.

ಫೋನಿನಲ್ಲಿ ತೀರಾ ಹತ್ತಿರದಲ್ಲೇ ಒಂದು ಮಷೀನು ಕರ್‍ರೆಂದು ಓಡತೊಡಗಿತು.