ಆಡು ನೆಕ್ಕಿದ ಅಕ್ಷರ

ಚನ್ನಗಿರಿಯಲ್ಲಿ ಪೇಂಟರ್ ಸಾಬರು ಎಂದರೆ ಯಾರಿಗೆ ಗೊತ್ತಿಲ್ಲ? ಆದರೆ ಅವರ ಹೆಸರೇನು ಅಂತ ಕೇಳಿ ನೋಡಿ, ಹೇಳಿದವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕಿರಾಣಿಯವರ ಹೆಸರು, ಕಟಿಂಗ್ ಶಾಪಿನವರ ಹೆಸರು, ಸೋಡಾ ಅಂಗಡಿಯವರ ಹೆಸರು ಎಲ್ಲ ಬರೆದ ಕೈ ಅದು. ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ನನ್ನ ಹೆಸರೂ ಇರಲಿ ಎಂದು ಸಾಬರು ಅಂದರೆ ಸಾಕು, ನಮ್ಮ ಅಂಗಡಿಗೆ ನಿಮ್ಮ ಹೆಸರು ಯಾಕ್ರೀ ಎಂದು ಮಾಲೀಕರು ಬಾಯಿ ಮುಚ್ಚಿಸುತ್ತಿದ್ದರು. ಸಾಬರು ನಕ್ಕು ಸುಮ್ಮನಾಗುತ್ತಿದ್ದರು. ಅವರ ಹೆಂಡತಿ ಗುಲ್ಜಾರ್‌ಬೀ ಸುಮ್ಮನಾಗುವ ಪೈಕಿ ಅಲ್ಲ. ಗಂಡನ ಹೆಸರು ಒಂದೇ ಒಂದು ಬೋರ್ಡಿನಲ್ಲೂ ಇಲ್ಲವಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಜಯದೇವಪ್ಪನೆಂಬವನು ಬಸ್ ಸ್ಟ್ಯಾಂಡಿನ ಎದುರು ಜವಳಿ ಅಂಗಡಿ ತೆರೆಯಲು ಹೊರಟ. ಬಸ್ಸಿಳಿದವರು ತಿರುಗಿ ನೋಡುವಂಥ ಅಕ್ಷರ ಬೇಕು, ಆಗದಿದ್ದರೆ ಕೆಲಸ ದಾವಣಗೆರೆಯ ಪೇಂಟರಿಗೆ ಕೊಡುತ್ತೇನೆ ಎಂದು ಸಾಬರಿಗೆ ಹೇಳಿದ. ಹಾಗೆ ಬರೆದುಕೊಟ್ಟರೆ ಏನು ಬೇಕಾದರೂ ಕೇಳಿ ಎಂದಾಗ ಸಾಬರು ಧೈರ್ಯ ಮಾಡಿ ತಮ್ಮ ಹೆಸರಿನ ಮಾತೆತ್ತಿದರು. ಜನ ತಿರುಗಿ ನೋಡಿದರೆ ಬರೆದುಕೊಳ್ಳಿ, ನನ್ನದೇನು ಅಡ್ಡಿ ಎಂದುಬಿಟ್ಟ ಪುಣ್ಯಾತ್ಮ.

ಆವತ್ತಿನಿಂದ ಸಾಬರ ಮನೆಯಲ್ಲಿ ಊಟವೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಹಲಗೆಗೆ ತೆಂಗಿನ ಹಗ್ಗ ಅಂಟಿಸಿ ಅಕ್ಷರ ಮಾಡಿದರು, ಇಲಿಬಾಲದಂತೆ ಕಂಡಿತು. ಅಡಿಕೆ ಹಾಳೆ ಕತ್ತರಿಸಿದರು, ಬಿಸಿಲಿಗೆ ಸುರುಟಿಕೊಂಡಿತು. ಸೈಕಲ್ ಟ್ಯೂಬಿನ ಅಕ್ಷರವಂತೂ ಸತ್ತ ಹಾವು.

ಗುಲ್ಜಾರ್‌ಬೀ ಪಕ್ಕದ ಮನೆ ಶಂಕ್ರಮ್ಮನ ಮಗಳ ಮದುವೆಗೆ ಅಂಗಳದಲ್ಲಿ ಸಂಡಿಗೆ ಒತ್ತುತ್ತಿದ್ದಳು. ತಲೆಯ ತುಂಬ ಜಯದೇವಪ್ಪನ ಬೋರ್ಡೇ ಇತ್ತು ನೋಡಿ, ಕೈ ತಾನಾಗಿ ಸುತ್ತಿ ಚಕ್ಕುಲಿ ಒರಳಿನಿಂದ ಒಂದು ‘ಜ’ ಇಳಿಸಿಬಿಟ್ಟಿತು. ಮೈತುಂಬ ಗೀರುಗೀರಾಗಿ ಉಬ್ಬಿಕೊಂಡ ‘ಜ’. ಅವಳು ಕೂಗಿದ ಕೂಗಿಗೆ ಸಾಬರು ಚಪ್ಪಲಿ ಮೆಟ್ಟದೆ ಓಡಿ ಬಂದರು.

“ಅಕ್ಷರ ಎದ್ದು ನಿಂತೈತಲ್ಲೇ,” ಎಂದರು.

ತಡ ಯಾಕೆ? ಅಕ್ಕಿ ಹಿಟ್ಟು ಬೇಯಿಸಿ, ಗಟ್ಟಿಯಾಗಲೆಂದು ಗೋಂದು ಕಲಸಿ, ಹಲಗೆಯ ಮೇಲೆ ಸಾಬರು ಸೀಮೆಸುಣ್ಣದಲ್ಲಿ ಗೆರೆ ಹಾಕಿದ ಕಡೆಯೆಲ್ಲ ಗುಲ್ಜಾರ್‌ಬೀ ಒತ್ತುತ್ತಾ ಹೋದಳು. ಆದರೆ ವರ್ಷಗಟ್ಟಲೆ ಸಂಡಿಗೆ ಮಾಡಿದ ಕೈ ಸುಮ್ಮನಿರುತ್ತದೆಯೇ? ಬೋರ್ಡಿನ ಹಿಟ್ಟಿಗೂ ಒಂದು ಹಿಡಿ ಉಪ್ಪು ಹಾಕಿಬಿಟ್ಟಿದ್ದಳು.

ಬಿಸಿಲಿಗೆ ಒಣಗಲು ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಮನೆಯ ಆಡು ಹಗ್ಗ ಬಿಚ್ಚಿಕೊಂಡು ಬಂದು ‘ಜ’ ಅಕ್ಷರವನ್ನು ಚಪ್ಪರಿಸಿ ನೆಕ್ಕುತ್ತಿತ್ತು. ಗುಲ್ಜಾರ್‌ಬೀ ಪೊರಕೆ ಹಿಡಿದು ಹಾರಿದಳು. ಎಲ್ಲ ಹೋಯಿತು, ಹೆಸರೂ ಹೋಯಿತು ಎಂದು ಅವಳಿಗೆ ಅಳುವೇ ಬಂತು. ಸಾಬರು ಅವಳ ಪೊರಕೆಯನ್ನು ತಡೆದು ಹಿಡಿದರು. ಅಕ್ಷರದ ಒಂದು ಮಗ್ಗುಲು ಗೀರು ಗೀರಾಗಿ ಹಾಗೇ ಇತ್ತು. ಆಡು ನೆಕ್ಕಿದ ಮಗ್ಗುಲು ನುಣ್ಣಗಾಗಿ, ತೆಳ್ಳಗಾಗುತ್ತಾ ಬಾಲದ ತುದಿಗೆ ಬಂದು ಕರಗಿತ್ತು. ಯಾವ ಬ್ರಷ್ಷಿಗೂ ಬಾರದ ತಿರುವು ಅದು.

ಆಮೇಲೆ ನೋಡಿ ಮಜಾ. ಉಳಿದ ಅಕ್ಷರಗಳನ್ನು ಕೆರೆದು ತೆಗೆದು, ಉಪ್ಪಿಲ್ಲದ ಹಿಟ್ಟಿನಲ್ಲಿ ಹೊಸದಾಗಿ ಒತ್ತಿದರು. ಒಣಗಿದ ಮೇಲೆ ಎಲ್ಲಿ ನುಣುಪು ಬೇಕೋ ಅಲ್ಲಿಗೆ ಮಾತ್ರ ಗುಲ್ಜಾರ್‌ಬೀ ಬಟ್ಟೆಯಿಂದ ಉಪ್ಪು ನೀರು ಸವರುವಳು. ಸಾಬರು ಆಡಿನ ಹಗ್ಗ ಹಿಡಿದು ಅಲ್ಲಷ್ಟೇ ನೆಕ್ಕಿಸುವರು. ಅವಳು ಸಾಕು ಎಂದರೆ ಇವರು ಇನ್ನೊಂದು ಚೂರು ಎನ್ನುವರು. ಜಗಳವಾಡಿ, ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹುಣ್ಣಾಯಿತು. ಕೊನೆಗೆ ಕೆಂಪು ಬಣ್ಣ, ಮೇಲೆ ವಾರ್ನಿಶ್.

ಬೋರ್ಡು ಏರಿಸಿದ ಬೆಳಿಗ್ಗೆ ಸಂತೇಬೆನ್ನೂರಿನ ಬಸ್ಸು ಬಂದು ನಿಂತಿತು. ಇಳಿದವರು ಇಳಿದಲ್ಲೇ ನಿಂತರು. ಹೆಂಗಸೊಬ್ಬಳು ಕತ್ತೆತ್ತಿ ನೋಡುತ್ತಾ ಮುಂದಿನವನ ಕಾಲು ತುಳಿದಳು. ರೈಟ್ ಹೇಳಬೇಕಾದ ಕಂಡಕ್ಟರನೂ ಬಾಗಿಲಲ್ಲಿ ಜೋತುಬಿದ್ದು ನೋಡುತ್ತಿದ್ದ. ಗುಲ್ಜಾರ್‌ಬೀಗೆ ಸೆರಗಿನೊಳಗೆ ನಗು ತಡೆಯಲಾಗಲಿಲ್ಲ.

ಜಯದೇವಪ್ಪ ಹೊರಗೆ ಬಂದ. “ಮಾತು ಅಂದ್ರೆ ಮಾತು. ಬರ್ಕಳ್ರಿ ಸಾಬ್ರೆ. ಅಂದಂಗೆ, ಏನ್ರೀ ನಿಮ್ಮ ಹೆಸರು?”

ಸಾಬರು ಏಣಿ ಹತ್ತಿ ಬ್ರಷ್ ಎತ್ತಿದರು. ಕೈ ಅಲ್ಲೇ ನಿಂತಿತು. ಇಷ್ಟು ಜನ ಕೆಳಗೆ ನಿಂತು ಅವರ ಹೆಸರಿಗೆ ಕಾದದ್ದು ಯಾವತ್ತು ಇತ್ತು? ಸಂಕೋಚದಿಂದ ಮುಖವೆಲ್ಲ ಕೆಂಪಾಯಿತು. ಬೇಡ ಬಿಡಿ, ನನ್ನದೇನು ದೊಡ್ಡ ಹೆಸರು ಎನ್ನುತ್ತಾ ಒಂದು ಮೆಟ್ಟಿಲು ಇಳಿದೇಬಿಟ್ಟರು.

ಗುಲ್ಜಾರ್‌ಬೀ ಮದುವೆಯಾಗಿ ಬಂದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಹೇಳಿದರೆ ಗಂಡನ ಆಯುಸ್ಸು ಕಮ್ಮಿ ಎಂದು ಅತ್ತೆ ಹೆದರಿಸಿದ್ದಳು. ಈಗ ಜನರನ್ನು ಸರಿಸಿಕೊಂಡು ಬಂದು, ಸಾಬರು ಇನ್ನು ಇಳಿಯದಂತೆ ಏಣಿಯ ಬುಡ ಹಿಡಿದು ನಿಂತಳು.

“ಅಲ್ಲಾಬಕ್ಷ್,” ಎಂದಳು. “ಬರೀರಿ.”

ಸಾಬರ ಬ್ರಷ್ಷಿನಿಂದ ಕೆಂಪು ಹನಿಯೊಂದು ಅವಳ ಸೆರಗಿನ ಮೇಲೆ ಬಿತ್ತು. ಹಿಂದೆ ನಿಂತವರಿಗೆ ಕೇಳಿಸಿತೋ ಇಲ್ಲವೋ ಎಂದು ಅವಳು ಇನ್ನೊಮ್ಮೆ, ಜೋರಾಗಿ ಹೇಳಿದಳು.