ನಾಲ್ಕು ಎಲೆಗಳ ಕಾರ್ನೇಷನ್

ದರ್ಜಿ ಅಣ್ಣನ ಅಂಗಡಿಯ ಕಿಟಕಿಯಲ್ಲಿ ಒಂದು ಕಾರ್ನೇಷನ್ ಗಿಡವಿತ್ತು. ಕೆಂಪು ಎಸಳಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಂತೆ ಬಿಳಿ ಪಟ್ಟೆ. ಅಂಥದ್ದು ಆ ಊರಲ್ಲಿ ಇನ್ನೊಂದಿರಲಿಲ್ಲ. ಆ ವರ್ಷ ಅದರ ಬುಡ ಕೊಳೆಯಿತು. ಮುರಿದು ನೆಟ್ಟ ಕಡ್ಡಿಗಳೂ ಕೊಳೆತವು. ಉಳಿದ ನಾಲ್ಕು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅವನು ತಂಗಿಯ ಮನೆಗೆ ಬಂದ. ಅವಳ ಕೆಲಸ ಪ್ರಯೋಗಾಲಯದ ಸೀಸೆಗಳಲ್ಲಿ ಸಸಿ ಬೆಳೆಸುವುದು.

"ಔಷಧಿ ಹಾಕಿ, ಎಲೆಯ ಕೋಶಕ್ಕೆ ತಾನು ಎಲೆ ಅನ್ನೋದನ್ನೇ ಮರೆಸ್ತೀವಿ ಅಣ್ಣ. ಆಮೇಲೆ ಅದು ಚಿಗುರೂ ಆಗುತ್ತೆ, ಬೇರೂ ಆಗುತ್ತೆ."

"ಆ ಔಷಧೀನ ನಿನ್ನ ಅತ್ತಿಗೆಗೂ ಒಂದು ತೊಟ್ಟು ಕೊಡು ಮಾರಾಯ್ತಿ. ನಾನು ಅಂದಿದ್ದೆಲ್ಲ ಮರೀಲಿ."

ಮರುದಿನ ಹಿರಿಯ ಸಹೋದ್ಯೋಗಿ ಎಲೆ ನೋಡಿ ಎಚ್ಚರಿಸಿದರು. "ಪಟ್ಟೆ ಹೂವು ಅಂದ್ರೆ ಕೆಂಪಿನದು, ಬಿಳಿಯದು ಅಂತ ಎರಡು ಬಗೆಯ ಕೋಶಗಳ ಕೂಡುಸಂಸಾರ. ಒಂದು ಕೋಶದಿಂದ ಎದ್ದ ಗಿಡದಲ್ಲಿ ಪಟ್ಟೆ ಉಳಿಯೋದು ಕಷ್ಟ. ಅಣ್ಣನಿಗೆ ಮೊದಲೇ ಹೇಳ್ಬಿಡಮ್ಮ."

ಅವಳು ಹೇಳಲಿಲ್ಲ. ಅವನ ಮುಖ ನೆನೆದರೆ ಬಾಯಿ ಬರುತ್ತಿರಲಿಲ್ಲ.

ಮೊದಲ ಎರಡು ಎಲೆಗಳ ಚೂರುಗಳಿಗೆ ಬೂಷ್ಟು ಹಿಡಿಯಿತು. ಮಿಕ್ಕವನ್ನು ಉಸಿರು ಬಿಗಿಹಿಡಿದು ಕತ್ತರಿಸಿದಳು. ಐದು ವಾರಕ್ಕೆ ಕತ್ತರಿಸಿದ ಅಂಚಿನಲ್ಲಿ ಹಿಟ್ಟಿನ ಮುದ್ದೆಯಂಥ ಗಂಟು ಕಟ್ಟಿತು. ಎಲೆಯೂ ಅಲ್ಲ, ಬೇರೂ ಅಲ್ಲ. ಸೀಸೆಯೊಳಗಿನ ಪೋಷಕ ಆಹಾರವನ್ನು ಬದಲಿಸಿದ ಮೇಲೆ ಅದರ ಮೈಮೇಲೆ ಸೂಜಿಮೊನೆಯಷ್ಟು ಹಸಿರು ಕಂಡಿತು. ಅವತ್ತು ಅವಳು ಊಟ ಮರೆತಳು. ಅಣ್ಣ ಪ್ರತಿ ಭಾನುವಾರ ಫೋನ್ ಮಾಡಿ, "ಹೇಗಿದ್ದಾನೆ ನಮ್ಮ ಹುಡುಗ?" ಎನ್ನುತ್ತಿದ್ದ.

ಮೂರು ಸಸಿಗಳು ಕುಂಡಕ್ಕೆ ಬಂದು ಅಣ್ಣನ ಅಂಗಡಿ ಸೇರಿದವು. ತಿಂಗಳುಗಳ ನಂತರ ಅಂಗಡಿಯ ಕಿಟಕಿಯಲ್ಲಿ ಮೊದಲ ಮೊಗ್ಗು ಬಿರಿಯಿತು. ಅಚ್ಚ ಬಿಳಿ, ಒಂದು ಗೆರೆಯೂ ಇಲ್ಲ.

ಸುದ್ದಿ ಕೇಳಿ ಅವಳು ಓಡಿಬಂದು, ಗೊತ್ತಿದ್ದೂ ಮುಚ್ಚಿಟ್ಟದ್ದನ್ನು ಒಪ್ಪಿಕೊಂಡಳು. ಅಣ್ಣ ಕೈಯಲ್ಲಿದ್ದ ಅಂಗಿಯ ಅಂಚು ಹೊಲಿದು ಮುಗಿಸಿ ತಲೆ ಎತ್ತಿದ.

"ಮೊದಲೇ ಹೇಳಿದ್ರೆ ಎಲೆ ಕೊಡ್ತಿರಲಿಲ್ಲ ಅಂದ್ಕೊಂಡ್ಯಾ?"

"ನಿನಗೆ ಬೇಜಾರಾಗುತ್ತೆ ಅಂತ..."

"ಬೇಜಾರು ಆಗ್ತಿತ್ತು. ಈಗಲೂ ಆಗಿದೆ. ಆದ್ರೆ ಇಷ್ಟು ದಿನ ಪಟ್ಟೆಗೆ ಕಾದೆ ನೋಡು, ಈ ಬಿಳಿ ಹುಡುಗ ಬಂದಿದ್ದು ಕಣ್ಣಿಗೇ ಬೀಳಲಿಲ್ಲ."

ಅವನು ಎದ್ದು ಹೂವಿನ ಹತ್ತಿರ ಬಗ್ಗಿ ಮೂಸಿದ. ಆಮೇಲೆ ಅವಳಿಗೊಂದು ಸ್ಟೂಲು ಎಳೆದು ಕೊಟ್ಟ.

"ಕೂತ್ಕೋ. ಸತ್ತ ಗಿಡದ ಎಲೆ ಹೇಗೆ ಗಿಡ ಆಯ್ತು, ಮೊದಲಿಂದ ಹೇಳು. ಈ ಸಲ ಏನೂ ಬಿಡಬೇಡ."